ಲಕ್ಕೂರಿನ ಅಟ್ಟದಲ್ಲಿ ಸಿಕ್ಕ ಆರಾಮ ಕುರ್ಚಿ

ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿದ್ದೀರಾ? ಒಮ್ಮೆ ನೋಡಿ. ಮೇಲ್ಭಾಗವನ್ನು ಎಲ್ಲರೂ ಒರೆಸುತ್ತಾರೆ, ಪಾಲಿಷ್ ಹಾಕುತ್ತಾರೆ, ದಿಂಬು ಇಡುತ್ತಾರೆ. ಅಡಿಭಾಗಕ್ಕೆ ಯಾರ ಕೈಯೂ ಹೋಗಿರುವುದಿಲ್ಲ. ಹಾಗಾಗಿ ಕುರ್ಚಿ ತನ್ನ ಕಥೆಯನ್ನೆಲ್ಲ ಅಲ್ಲೇ ಇಟ್ಟುಕೊಂಡಿರುತ್ತದೆ. ಇದು ನನಗೆ ತಿಳಿದದ್ದು ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ, ಗೆಳೆಯನೊಬ್ಬನ ಅಜ್ಜಿಯ ಮನೆಯಲ್ಲಿ. ಅವತ್ತಿನಿಂದ ಯಾವ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ಕುರ್ಚಿಯ ಕಾಲಿನ ಮೇಲೆ!

ಹಳೇ ತೊಟ್ಟಿಮನೆ ಅದು. ಚಿಕ್ಕತಿರುಪತಿಗೆ ಹೋಗುವ ಭಕ್ತರು ಓಡಾಡುವ ಸೀಮೆ. ಹೆಂಚಿಗೆ ಹೆಸರಾದ ಮಾಲೂರಿನ ಮಗ್ಗುಲಲ್ಲೇ ಇದ್ದರೂ ಮನೆಯ ಹೆಂಚು ಸೋರುತ್ತಿತ್ತು, ಬದಲಾಯಿಸಲೇಬೇಕಿತ್ತು. ಹೆಂಚು ಇಳಿಸುವ ಮುಂಚೆ ಅಟ್ಟ ಖಾಲಿ ಮಾಡುತ್ತಿದ್ದರು. ಒಡೆದ ಗುಡಾಣ ಬಂತು, ತಳ ಹೋದ ಹಂಡೆ ಬಂತು, ಗೆದ್ದಲು ತಿಂದ ಮೊರಗಳ ಕಟ್ಟು ಬಂತು. ಕೊನೆಗೆ ಇಬ್ಬರು ಹುಡುಗರು ಏದುಸಿರು ಬಿಡುತ್ತಾ ಇದನ್ನು ಇಳಿಸಿದರು.

ಉದ್ದನೆಯ ಒರಗುಬೆನ್ನು. ಹಿಂದಕ್ಕೆ ವಾಲಿದ ಆಸನ. ಅಂಗೈ ಅಗಲದ ಕೈಗಳು. ಆ ಕೈಗಳ ಕೆಳಗೆ ಇನ್ನೂ ಒಂದು ಜೊತೆ ಪಟ್ಟಿ ಅಡಗಿತ್ತು. ಹಿಡಿದು ಮುಂದಕ್ಕೆ ತಿರುಗಿಸಿದೆ, ಕಿರ್ರ್ ಎನ್ನುತ್ತಾ ಅದು ಹೊರಗೆ ಬಂದು ಕುರ್ಚಿಯ ಕೈ ಎರಡರಷ್ಟು ಉದ್ದವಾಯಿತು! ಕಾಫಿ, ಟೀ ತೋಟದ ದೊರೆಗಳ ವರಾಂಡಗಳಲ್ಲಿ ಇರುತ್ತಿದ್ದ ಪ್ಲಾಂಟರ್ಸ್ ಚೇರ್ ಎಂಬ ಈಸಿಚೇರು ಇದೇ. ಚಾಚಿದ ಪಟ್ಟಿಗಳ ಮೇಲೆ ಒಂದೊಂದು ಕಾಲು ಎತ್ತಿಹಾಕಿ ಒರಗಿದರೆ, ದಿನವೆಲ್ಲ ಕುದುರೆಯ ಮೇಲೆ ತಿರುಗಿ ಬಾತುಕೊಂಡ ಕಾಲಿಗೆ ಹಾಯೆನಿಸುತ್ತದೆ. ಬೂಟು ಎಳೆಯುವ ಆಳಿಗೂ ಕೆಲಸ ಸುಲಭ. ಬೆತ್ತ ಮಾತ್ರ ಹರಿದು ಜೋತುಬಿದ್ದಿತ್ತು.

“ಏನಪ್ಪಾ, ಆ ಮುರುಕಲು ಕುರ್ಚಿ ಮುಂದೆ ನಿಂತ್ಬಿಟ್ಟೆ? ಒಂದು ಕಾಲು ಬೇರೆ ಅಲ್ಲಾಡ್ತೈತೆ. ಗುಜರಿಗೆ ಹಾಕ್ಬುಡಾಣ ಅಂತಿದೀವಿ,” ಅಂದರು ಗೆಳೆಯನ ಸೋದರಮಾವ.

ಗುಜರಿಗೆ! ಹೆಂಚಿನ ಕೆಲಸಕ್ಕೆ ಬಂದಿದ್ದ ಆಚಾರ್ರು ನನಗಿಂತ ಮೊದಲೇ ಕೈ ಅಡ್ಡ ಹಿಡಿದಿದ್ದರು. ಇಬ್ಬರೂ ಸೇರಿ ಅದನ್ನು ಹಜಾರದ ನೆಲದ ಮೇಲೆ ಬೋರಲು ಹಾಕಿದೆವು. ಶುರುವಾಯಿತು ನೋಡಿ.

ಮೊದಲು ಕಂಡದ್ದು ಸ್ಕ್ರೂ. ಕೈಗಳನ್ನು ಬಿಗಿದಿದ್ದ ಸ್ಕ್ರೂಗಳ ತಲೆಯ ಗೀರು ನಟ್ಟನಡುವೆ ಇರಲಿಲ್ಲ. ಒಂದರಲ್ಲಿ ಕೊಂಚ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಸರಿದಿತ್ತು. ಕೈಯಲ್ಲಿ ಹಿಡಿದು ಗರಗಸದಿಂದ ಒಂದೊಂದಾಗಿ ಗೀರಿದ ಸ್ಕ್ರೂ ಹೀಗಿರುತ್ತದೆ. ಯಂತ್ರ ಗೀರಿದರೆ ಅದು ಎಲ್ಲದರಲ್ಲೂ ಒಂದೇ ಜಾಗದಲ್ಲಿರುತ್ತದೆ. ಹಿಂಗಾಲೊಂದರ ಹತ್ತಿರ ಮಾತ್ರ ಪ್ಲಸ್ ಗುರುತಿನ ಸ್ಕ್ರೂ. ಆ ಪ್ಲಸ್ ತಲೆಯ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅಂದರೆ ಈ ಕುರ್ಚಿ ಹುಟ್ಟಿ ಎಷ್ಟೋ ಕಾಲದ ಮೇಲೆ ಯಾರೋ ಇದರ ಕಾಲು ಮುರಿದಿದ್ದಾರೆ, ಇನ್ನಾರೋ ಅದನ್ನು ಕೂರಿಸಿದ್ದಾರೆ. ಎರಡು ಬಗೆಯ ಸ್ಕ್ರೂ, ಎರಡು ಕಾಲ, ಎರಡು ಕೈ!

ಆಚಾರ್ರು ಉಳಿಯ ತುದಿಯಿಂದ ಅಡಿಪಟ್ಟಿಯನ್ನು ಕೊಂಚ ಕೆರೆದರು. ದೂಳು, ಮಸಿ, ಹಳೇ ಅರಗಿನ ಪಾಲಿಷ್ ಎಲ್ಲ ಸರಿದು ಒಳಗಿನ ಮರ ಕಂಡಿತು. ಕಂದು, ಅದರೊಳಗೆ ನೇರಳೆ ಛಾಯೆ, ಅದರ ನಡುವೆ ಕಪ್ಪು ಎಳೆಗಳು. ಮೂಗಿನ ಹತ್ತಿರ ತಂದರೆ ಸಿಹಿಯಾದ ಒಂದು ವಾಸನೆ. “ಬೀಟೆ ಸಾರ್ ಇದು! ಅದಕ್ಕೇ ಹುಡುಗ್ರು ಹಂಗೆ ಏದುಸಿರು ಬಿಟ್ಟಿದ್ದು,” ಅಂದರು. ಮುಂದಿನ ಎರಡು ಕಾಲು ಕೆರೆದರು, ಬೀಟೆ. ಹಿಂದಿನ ಎಡಗಾಲು ಕೆರೆದರು, ಬೀಟೆ. ನಾಲ್ಕನೆಯದನ್ನು ಕೆರೆದವರು ಸುಮ್ಮನಾದರು. ಅದರೊಳಗಿಂದ ಬಂದದ್ದು ಹಳದಿ.

ಹಲಸು!

ಮೂರು ಕಾಲು ಮಲೆನಾಡಿನ ಬೀಟೆ, ಒಂದು ಕಾಲು ಇದೇ ಬಯಲುಸೀಮೆಯ ಹಲಸು. ಬೀಟೆಯ ಕಾಲುಗಳನ್ನು ಕಡಚಲು ಯಂತ್ರಕ್ಕೆ ಕೊಟ್ಟು ತಿರುಗಿಸಿ ಕಡೆದಿದ್ದಾರೆ. ಬಳೆಬಳೆಯಾಗಿ ಉಬ್ಬಿದ ಜಾಗದಲ್ಲಿ ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ಹಲಸಿನ ಕಾಲಿನ ಮೇಲೆ ಅದೇ ಬಳೆಗಳಿವೆ, ಆದರೆ ಬೆರಳಿಗೆ ಸಣ್ಣ ಸಣ್ಣ ಮಟ್ಟಸಗಳು ಸಿಗುತ್ತವೆ. ಕಡಚಲು ಇಲ್ಲದ ಊರಿನ ಬಡಗಿಯೊಬ್ಬ ಮೂರು ಕಾಲನ್ನು ಮುಂದಿಟ್ಟುಕೊಂಡು, ಉಳಿಯೊಂದರಲ್ಲೇ ನಾಲ್ಕನೆಯದನ್ನು ಸುತ್ತಲೂ ಕೊರೆದು ಅದೇ ಆಕಾರಕ್ಕೆ ತಂದಿದ್ದಾನೆ. ಆಮೇಲೆ ಕಪ್ಪು ಬಣ್ಣ ಸವರಿ ಅಣ್ಣತಮ್ಮಂದಿರ ಜೊತೆ ಸೇರಿಸಿಬಿಟ್ಟಿದ್ದಾನೆ. ಅವನ ಹೆಸರು ಈ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅವನ ಉಳಿಯ ಒಂದೊಂದು ಏಟೂ ಅಲ್ಲೇ ಇದೆ. ನಾನು ಅರಮನೆಗಳಲ್ಲಿ ಕೆತ್ತನೆಯ ಆಸನಗಳನ್ನು ನೋಡಿದ್ದೇನೆ, ಬೀಟೆಯ ಮೇಲೆ ಮೈಸೂರಿನ ಕುಶಲಿಗರು ಕೂರಿಸಿದ ಚಿತ್ತಾರಗಳನ್ನು ಕಂಡು ಬೆರಗಾಗಿದ್ದೇನೆ. ಈ ಹಲಸಿನ ಕಾಲಿನಷ್ಟು ಯಾವುದೂ ನನ್ನನ್ನು ಹಿಡಿದು ನಿಲ್ಲಿಸಿರಲಿಲ್ಲ.

ಹಾಗಾದರೆ ಬೀಟೆ ಇಲ್ಲಿಗೆ ಬಂದದ್ದು ಹೇಗೆ? ಕೋಲಾರದ ನೆಲದಲ್ಲಿ ಬೆಳೆಯುವುದು ಹುಣಸೆ, ಹೊಂಗೆ, ಬೇವು, ಮಾವು, ಹಲಸು. ಆಮೇಲೆ ಬಂದ ನೀಲಗಿರಿ. ಒಳಗೆ ಕೂತು ರಾಗಿ ಹಸನು ಮಾಡುತ್ತಿದ್ದ ಅಜ್ಜಿ ಅಲ್ಲಿಂದಲೇ ಕೂಗಿ ಹೇಳಿದರು. “ನಮ್ಮ ಮಾವನೋರು ಕೋಲಾರ ಚಿನ್ನದ ಗಣಿಯಿಂದ ತಂದಿದ್ದು ಕಣಪ್ಪಾ. ಯಾರೋ ದೊರೆ ಸೀಮೆಗೆ ಹೊಂಟೋದನಂತೆ, ಬಂಗಲೆ ಸಾಮಾನೆಲ್ಲಾ ಹರಾಜಿಗೆ ಹಾಕಿದ್ರಂತೆ. ಗಾಡಿ ಕಟ್ಕೊಂಡು ಹೋಗಿ ತಂದ್ರು.”

ನನ್ನ ಮೈ ಜುಮ್ಮೆಂದಿತು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳಿಗೆ ಕೈಹಾಕಿದ್ದು 1880ರಲ್ಲಿ. ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ ರೈಲು ಅದಕ್ಕೂ ಮೊದಲು, 1864ರಲ್ಲೇ, ಇದೇ ಮಾಲೂರಿನ ಮೇಲೆ ಹಾದುಹೋಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಅಲ್ಲಿ ದೀಪ ಹತ್ತಿತು. ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಬಂದವು, ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೂ ಬಂತು. ಅದೇ ಊರಿನಲ್ಲಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದು ಬಂಡೆ ಒಡೆಯುತ್ತಿದ್ದ ಕಾರ್ಮಿಕರು, ಅವರಲ್ಲಿ ಬಹುಪಾಲು ದಲಿತರು, ಲೈನ್ ಮನೆಗಳ ಒಂದೊಂದು ಕೋಣೆಯಲ್ಲಿ ಇಡೀ ಸಂಸಾರ ಹೂಡಿದ್ದರು. ಈ ಕುರ್ಚಿಯ ಕೈ ಚಾಚಲು ಬೇಕಾದಷ್ಟು ಜಾಗವೂ ಆ ಕೋಣೆಗಳಲ್ಲಿ ಇರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಈಗ ಬೆತ್ತಕ್ಕೆ ಬರುತ್ತೇನೆ. ಇದನ್ನು ಹೇಳಲು ನನಗೆ ಅವಸರ!

ಆಸನದ ಚೌಕಟ್ಟಿನ ಸುತ್ತ ಒಂದೇ ಅಂತರದಲ್ಲಿ ತೂತುಗಳಿದ್ದವು. ಬೆತ್ತದ ಎಳೆ ಒಂದು ತೂತಿನಲ್ಲಿ ಇಳಿದು, ಅಡಿಯಲ್ಲಿ ಸರಿದು, ಪಕ್ಕದ ತೂತಿನಲ್ಲಿ ಮೇಲೇಳುತ್ತದೆ. ಕೈಯಿಂದ ಹೆಣೆದ ಬೆತ್ತಕ್ಕೆ ಇದೇ ಗುರುತು. ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯಾದರೆ ತೂತಿರುವುದಿಲ್ಲ. ಚೌಕಟ್ಟಿನಲ್ಲಿ ಸುತ್ತ ಒಂದು ಕಾಲುವೆ ತೋಡಿ, ಹಾಳೆಯ ಅಂಚನ್ನು ಅದರೊಳಗೆ ತುರುಕಿ, ಮೇಲೊಂದು ಪಟ್ಟಿ ಹೊಡೆದಿರುತ್ತಾರೆ. ನಿಮ್ಮ ಮನೆಯ ಕುರ್ಚಿ ಯಾವುದೆಂದು ಬಗ್ಗಿ ನೋಡಿದರೆ ಒಂದೇ ಗಳಿಗೆಯಲ್ಲಿ ಗೊತ್ತಾಗುತ್ತದೆ.

ಕೈಹೆಣಿಗೆಗೆ ಆರು ಸುತ್ತು. ನೀರಲ್ಲಿ ನೆನೆಸಿದ ಎಳೆಯನ್ನು ಮೊದಲು ಉದ್ದಕ್ಕೆ, ಅದರ ಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ನಾಲ್ಕನೆಯ ಸುತ್ತು ಅಡ್ಡಕ್ಕೆ ಹೋಗುವಾಗ ಒಂದೊಂದು ಎಳೆಯ ಮೇಲೆ ಕೆಳಗೆ ನುಸುಳಬೇಕು. ಐದು ಮತ್ತು ಆರು ಮೂಲೆಯಿಂದ ಮೂಲೆಗೆ. ಆರನೆಯದು ಮುಗಿದ ಮೇಲೆ ನೋಡಿದರೆ ಆಸನದ ತುಂಬ ಎಂಟು ಮೂಲೆಯ ಸಣ್ಣ ಸಣ್ಣ ಕಂಡಿಗಳು! ಗಾಳಿ ಅದರೊಳಗೆ ಆಡುತ್ತದೆ; ಬೇಸಿಗೆಯಲ್ಲಿ ಬೆನ್ನು ಬೆವರುವುದಿಲ್ಲ, ಮೆತ್ತೆಯ ಕುರ್ಚಿಗಳಲ್ಲಿ ಸೇರಿಕೊಳ್ಳುವ ತಿಗಣೆಗೆ ಇಲ್ಲಿ ಅವಿತುಕೊಳ್ಳುವ ಜಾಗ ಕಡಿಮೆ. ಪೂರ್ವದೇಶಗಳ ಕಾಡಿನ ಈ ಬೆತ್ತ 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಲಂಡನ್ನಿಗೆ ಹೋಗಿ ಅಲ್ಲಿನ ಕುರ್ಚಿಗಳ ಮೈಯಾಯಿತು. ಅದೇ ಬೆತ್ತದ ಕುರ್ಚಿ ದೊರೆಗಳ ಬೆನ್ನ ಹಿಂದೆ ನಮ್ಮ ಸೆಕೆಗೆ ವಾಪಸು ಬಂತು!

ನಮ್ಮ ದೇಶದ ಎಷ್ಟೋ ಅಂಧರ ಶಾಲೆಗಳಲ್ಲಿ ಬೆತ್ತದ ಕುರ್ಚಿ ಹೆಣೆಯುವುದನ್ನು ಕಸುಬಾಗಿ ಕಲಿಸುತ್ತಿದ್ದರು. ಸರ್ಕಾರಿ ಕಚೇರಿಗಳ ಕುರ್ಚಿಗಳನ್ನು ಅವರ ಕೈಯಲ್ಲಿ ಹೆಣೆಸುತ್ತಿದ್ದರು. ಯೋಚಿಸಿ. ಸಾಲು ಸಾಲು ತೂತುಗಳನ್ನು ಬೆರಳ ತುದಿಯಲ್ಲಿ ಎಣಿಸುತ್ತಾ, ಎಳೆಯ ನುಣುಪು ಮುಖ ಯಾವುದು ಒರಟು ಮುಖ ಯಾವುದೆಂದು ಹೆಬ್ಬೆರಳಿನಲ್ಲಿ ಅರಿಯುತ್ತಾ, ಆರು ಸುತ್ತಿನ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡು ಅವರು ಹೆಣೆದ ಆಸನಗಳ ಮೇಲೆ ಕೂತು ಗುಮಾಸ್ತರು ಫೈಲು ಬರೆದರು, ಮೇಷ್ಟರು ಹಾಜರಿ ಕೂಗಿದರು. ನಮ್ಮಲ್ಲಿ ಯಾರಿಗೆ ಅದು ಗೊತ್ತಿತ್ತು?

ಇದೇ ಮನೆಯಲ್ಲಿ ಇನ್ನೊಂದು ಸಾದಾ ಬೆತ್ತದ ಕುರ್ಚಿ ಇತ್ತು. ಬೆತ್ತ ಹರಿದಿರಲಿಲ್ಲ, ಕೂತು ಕೂತು ಕೆಳಕ್ಕೆ ಜೋತಿತ್ತು. ಆಚಾರ್ರು ಅದನ್ನು ಬೋರಲು ಹಾಕಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅಡಿಭಾಗದ ಮೇಲೆ ಒತ್ತುತ್ತಾ ಹೋದರು. ಬೆತ್ತದ ಮೇಲ್ಮುಖ ನುಣುಪು, ನೀರು ಹಿಡಿಯುವುದಿಲ್ಲ. ಅಡಿಮುಖ ಒರಟು, ನೀರು ಕುಡಿಯುತ್ತದೆ. ಚೆನ್ನಾಗಿ ನೆನೆದ ಮೇಲೆ ನೆರಳಿನಲ್ಲಿ ಇಟ್ಟರು. ಬೆಳಿಗ್ಗೆ ಎದ್ದು ಬೆರಳಲ್ಲಿ ತಟ್ಟಿ ನೋಡಿದರೆ ತಮಟೆಯ ಹಾಗೆ ಬಿಗಿ! ನೆನೆದು ಉಬ್ಬಿದ ಎಳೆ ಒಣಗುವಾಗ ಎಳೆದುಕೊಂಡು ತನ್ನಷ್ಟಕ್ಕೆ ನೆಟ್ಟಗಾಗಿತ್ತು. ಒಂದು ಚೊಂಬು ಬಿಸಿನೀರು, ಒಂದು ರಾತ್ರಿ, ಅಷ್ಟೇ. ಎಷ್ಟು ಕುರ್ಚಿಗಳನ್ನು ನಾವು ‘ಕುಸಿದಿದೆ’ ಎಂದು ಎಸೆದಿದ್ದೇವೋ!

ಕುರ್ಚಿಯಿಂದ ಕಣ್ಣೆತ್ತಿ ಮನೆಯನ್ನು ನೋಡಿದಾಗ ಇನ್ನೊಂದು ಬೆರಗು ಕಾದಿತ್ತು. ತೊಟ್ಟಿಮನೆಯ ಕಿಟಕಿಗಳು ತೀರಾ ಕೆಳಗಿದ್ದವು. ಗೋಡೆಯ ದೀಪದ ಗೂಡೂ ಅಷ್ಟೇ. ಕುರ್ಚಿಯಲ್ಲಿ ನೆಟ್ಟಗೆ ಕೂತರೆ ಕಿಟಕಿ ತೊಡೆಯ ಹತ್ತಿರ ಬರುತ್ತದೆ. ನಾನು ನೆಲಕ್ಕೆ ಇಳಿದು ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತೆ. ಎಲ್ಲ ಸರಿಹೋಯಿತು! ಬೀದಿ ಕಂಡಿತು, ದನದ ಕೊಟ್ಟಿಗೆ ಕಂಡಿತು, ತೊಟ್ಟಿಯ ಆಕಾಶವೂ ಕಂಡಿತು. ನೆಲದ ಮೇಲೆ ಕೂರುವವರ ಕಣ್ಣಿನ ಎತ್ತರಕ್ಕೆ ಕಟ್ಟಿದ ಮನೆ ಅದು. ಚಾಪೆ, ಮಣೆ, ಜಮಖಾನ, ಕಂಬಳಿ ಇಷ್ಟರಲ್ಲೇ ಹುಟ್ಟು, ಮದುವೆ, ಊಟ, ಸಾವು ಎಲ್ಲ ನಡೆದ ಮನೆ. ಎತ್ತರದ ಆಸನ ಇದ್ದದ್ದು ದೇವರಿಗೆ. ಇದೇ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ಇವತ್ತಿಗೂ ವಿಗ್ರಹದ ಜೊತೆಗೆ ಅದರ ಪೀಠವನ್ನೂ ಕಡೆಯುತ್ತಾರೆ. ದೇವರು ಪೀಠದ ಮೇಲೆ, ಮನುಷ್ಯ ನೆಲದ ಮೇಲೆ. ನಡುವೆ ಎಲ್ಲಿಂದಲೋ ಬಂದು ಸೇರಿದ್ದು ಕುರ್ಚಿ: ಕಚೇರಿಯಿಂದ, ಶಾಲೆಯಿಂದ, ಗಣಿಯಿಂದ, ಫೋಟೊ ಸ್ಟುಡಿಯೋದಿಂದ. ಹಜಾರದ ಗೋಡೆಯ ಮೇಲಿನ ಹಳೇ ಫೋಟೊ ನೋಡಿ: ಗಂಡ ಕೆತ್ತನೆಯ ಕುರ್ಚಿಯಲ್ಲಿ ಕೂತಿದ್ದಾನೆ, ಹೆಂಡತಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಾಳೆ.

ಹಾಗೆ ಬಂದ ಕುರ್ಚಿ ಹಳ್ಳಿಯಲ್ಲಿ ಕೆಲವರನ್ನು ಕೂರಿಸಿತು, ಉಳಿದವರನ್ನು ನಿಲ್ಲಿಸಿತು. ಅಜ್ಜಿಯ ಮಾವ ಊರಿನ ಪಟೇಲರು. ಅವರು ಈ ಈಸಿಚೇರಿನಲ್ಲಿ ಒರಗಿರುತ್ತಿದ್ದರು. ಕಂದಾಯದ ಮಾತಿಗೆ ಬಂದ ರೈತ ಜಗಲಿಯ ಕೆಳಗೆ ನಿಂತೇ ಮಾತಾಡುತ್ತಿದ್ದ. ಹೊಲಗೇರಿಯಿಂದ ಬಂದವರು ಇನ್ನೂ ದೂರ, ಅಂಗಳದ ಆಚೆ. ಸೊಸೆಯಾದ ಅಜ್ಜಿಗೂ ಆ ಕುರ್ಚಿಯನ್ನು ಒರೆಸುವ ಕೆಲಸವಿತ್ತು, ಕೂರುವ ಹಕ್ಕಿರಲಿಲ್ಲ. ಬಾಬಾಸಾಹೇಬ್ ಅಂಬೇಡ್ಕರರು ಬಾಲಕನಾಗಿದ್ದಾಗ ಶಾಲೆಯ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂರಬೇಕಾಗಿದ್ದದ್ದನ್ನು ಬರೆದಿದ್ದಾರೆ. ಹಳೇ ಕುರ್ಚಿಗಳನ್ನು ಪ್ರೀತಿಸುವ ನಾವು ಇದನ್ನು ಒರೆಸಿ ಹಾಕಬಾರದು. ಇದೂ ಅದರ ಅಡಿಭಾಗದಲ್ಲೇ ಬರೆದಿದೆ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ತೆಗೆದುಹಾಕುವ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಅದಾದ ಮೇಲೆ ಕುರ್ಚಿ ಜಗಲಿಯಿಂದ ಹಜಾರಕ್ಕೆ, ಹಜಾರದಿಂದ ಮೂಲೆಗೆ, ಮೂಲೆಯಿಂದ ಅಟ್ಟಕ್ಕೆ ಹೋಯಿತಂತೆ.

ಅದರ ಜಾಗಕ್ಕೆ ಬಂದ ಪ್ಲಾಸ್ಟಿಕ್ ಕುರ್ಚಿಯನ್ನು ಹಳಿಯುವುದು ನನ್ನಂಥವರಿಗೆ ರೂಢಿ. ನಾನು ಹಳಿಯುವುದಿಲ್ಲ. ಫ್ರಾನ್ಸಿನ ಆನ್ರಿ ಮಸೊನೆ 1972ರಲ್ಲಿ ಒಂದು ಕುರ್ಚಿಯನ್ನು ಒಂದೇ ಅಚ್ಚಿನಲ್ಲಿ ಎರಡು ನಿಮಿಷದೊಳಗೆ ತೆಗೆದುಬಿಟ್ಟ! ಇವತ್ತು ಲಕ್ಕೂರಿನಲ್ಲಿ ಶಾಮಿಯಾನ ಹಾಕಿದರೆ ಎಲ್ಲರ ಕೆಳಗೂ ಒಂದೇ ಕುರ್ಚಿ, ಒಂದೇ ಎತ್ತರ. ಬೀಟೆಯ ಕುರ್ಚಿಗೆ ಆಗದ ಕೆಲಸವನ್ನು ಅದು ಮಾಡಿದೆ.

ಅದಕ್ಕೂ ಮೊದಲೇ ಎಲ್ಲರಿಗೂ ಕುರ್ಚಿ ಮುಟ್ಟಿಸುವ ಕನಸು ಕಂಡವರಿದ್ದರು. ಮಿಖಾಯೆಲ್ ಥೋನೆಟ್ 1859ರಲ್ಲಿ ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ ಮಾಡಿದ 14ನೇ ನಂಬರಿನ ಕುರ್ಚಿಗೆ ಮರದ ಆರೇ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿದರೆ 36 ಕುರ್ಚಿ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ! ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಚಹಾ ಕುಡಿದವರೆಲ್ಲ ಆ ಬಳಗದ ಬಾಗುಮರದ ಕುರ್ಚಿಗಳಲ್ಲೇ ಕೂತವರು. ನಮ್ಮದೇ ರೂರ್ಕಿಯಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರುಗಳು 19ನೇ ಶತಮಾನದ ಕೊನೆಯಲ್ಲಿ ಮೊಳೆಯಿಲ್ಲದ, ಗೋಂದಿಲ್ಲದ ಕ್ಯಾನ್ವಾಸ್ ಕುರ್ಚಿ ಮಾಡಿದರು. ಕೀಲುಗಳು ಸಡಿಲ, ಎಂಥ ಉಬ್ಬುತಗ್ಗಿನ ನೆಲದಲ್ಲಿಟ್ಟರೂ ನಾಲ್ಕೂ ಕಾಲು ಊರುತ್ತವೆ. ಡೆನ್ಮಾರ್ಕಿನ ಕಾರೆ ಕ್ಲಿಂಟ್ 1933ರಲ್ಲಿ ಮಾಡಿದ ಸಫಾರಿ ಕುರ್ಚಿ ಅದರ ಮಗುವೇ.

ಬೆಲೆಯ ಮಾತು ಬಂದೇ ಬರುತ್ತದೆ. ಚಂಡೀಗಢದ ಕಚೇರಿಗಳಿಗೆಂದು 1950ರ ದಶಕದಲ್ಲಿ ಪಿಯರ್ ಜೆನರೆ ರೂಪಿಸಿದ ತೇಗ, ಬೆತ್ತದ ಕುರ್ಚಿಗಳು ಒಂದು ಕಾಲಕ್ಕೆ ಮುರುಕಲೆಂದು ರಾಶಿಬಿದ್ದಿದ್ದವು, ಗುಜರಿ ಲೆಕ್ಕದಲ್ಲಿ ಹೋದವು. ಈಗ ಯುರೋಪು, ಅಮೆರಿಕದ ಹರಾಜುಗಳಲ್ಲಿ ಅವುಗಳಿಗೆ ಲಕ್ಷಗಟ್ಟಲೆ ರೂಪಾಯಿ! ಆದ್ದರಿಂದ ಗುಜರಿ ಗಾಡಿ ಬಾಗಿಲಿಗೆ ಬಂದಾಗ ಒಂದು ಗಳಿಗೆ ತಡೆಯಿರಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ನೂರು ವರ್ಷ ತುಂಬಿದ ಕರಕುಶಲ ವಸ್ತುಗಳೂ ಸೇರುತ್ತವೆ. ಅವನ್ನು ಖಾಸಗಿಯವರು ದೇಶದ ಆಚೆ ಸಾಗಿಸುವಂತಿಲ್ಲ. ಕೊಳ್ಳುವವರಾದರೆ ಮರದಲ್ಲಿ ಸಣ್ಣ ತೂತುಗಳಿವೆಯೇ ನೋಡಿ. ತೂತಿನ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಒಳಗೆ ಹುಳ ಇನ್ನೂ ಬದುಕಿದೆ ಎಂದರ್ಥ. ಹಳೇ ಪಾಲಿಷನ್ನು ಮಾತ್ರ ಮರಳು ಕಾಗದದಿಂದ ಉಜ್ಜಿ ತೆಗೆಸಬೇಡಿ, ದಯವಿಟ್ಟು. ಅದು ಒಮ್ಮೆ ಹೋದರೆ ಹೋಯಿತು.

ಎಲ್ಲಿಡಬೇಕು? ಷೋಕೇಸಿನ ಪಕ್ಕ ಹಗ್ಗ ಕಟ್ಟಿ ಇಡುವುದು ನನಗಂತೂ ಒಪ್ಪಿಗೆಯಿಲ್ಲ. ಈಸಿಚೇರಿನ ಆಸನ ಊಟದ ಕುರ್ಚಿಗಿಂತ ತಗ್ಗು. ಬೆತ್ತ ಹೊಸದಾಗಿ ಹೆಣೆಸಿದ ಮೇಲೆ ಅದನ್ನು ಹಜಾರದ ಆ ತಗ್ಗು ಕಿಟಕಿಯ ಹತ್ತಿರ ಎಳೆದು ಒರಗಿ ನೋಡಿದೆ. ಬೀದಿ ಕಣ್ಣ ನೇರಕ್ಕೆ ಬಂತು! ನೆಲದ ಮೇಲೆ ಕೂರುವವರ ಮನೆಗೆ ಒಪ್ಪುವ ಕುರ್ಚಿ ಯಾವುದಾದರೂ ಇದ್ದರೆ ಅದು ಇದೇ. ಫ್ಲ್ಯಾಟುಗಳಲ್ಲಿರುವವರು ಬಾಲ್ಕನಿಗೆ ತರುವ ಮುನ್ನ ಕೈ ಪೂರ್ತಿ ಚಾಚಿ ಅಳತೆ ತೆಗೆದುಕೊಳ್ಳಿ, ಬಾಗಿಲಿನ ಅಗಲವನ್ನೂ ಅಳೆಯಿರಿ. ಎದುರು ಬಿಸಿಲಿನಲ್ಲಿ ಇಡಬೇಡಿ, ಬೆತ್ತ ಒಣಗಿ ಸೀಳುತ್ತದೆ.

ತಗ್ಗು ಆಸನದಿಂದ ಒಂದು ತೊಂದರೆಯೂ ಬಂತು. ಅಜ್ಜಿಯನ್ನು ಎಲ್ಲರೂ ಸೇರಿ ಒಪ್ಪಿಸಿ ಅದರಲ್ಲಿ ಕೂರಿಸಿದೆವು. ಮಂಡಿನೋವು, ಕೂತವರಿಗೆ ಏಳಲಾಗಲಿಲ್ಲ. “ಇದಕ್ಕೇ ನಾನು ಕೂರಲ್ಲ ಅಂದಿದ್ದು,” ಎಂದು ಎಲ್ಲರನ್ನೂ ಬೈದರು. ಆಚಾರ್ರು ಬೀಟೆಯ ಕಾಲಿಗೆ ಮೊಳೆ ಹೊಡೆಯಲು ಸುತರಾಂ ಒಪ್ಪಲಿಲ್ಲ. ಸೂರಿನಿಂದ ಇಳಿಸಿದ್ದ ಬೇವಿನ ತೊಲೆಯ ತುಂಡೊಂದನ್ನು ತಂದು, ನಾಲ್ಕು ಬೆರಳೆತ್ತರದ ನಾಲ್ಕು ದಿಮ್ಮಿ ಕೊಯ್ದು, ನಡುವೆ ಗುಳಿ ತೋಡಿ, ಒಂದೊಂದು ಕಾಲನ್ನೂ ಅದರೊಳಗೆ ನಿಲ್ಲಿಸಿದರು. ಬೀಟೆ, ಹಲಸು, ಈಗ ಬೇವು. ಅಜ್ಜಿ ಕೂತರು, ಯಾರ ಕೈಯನ್ನೂ ಹಿಡಿಯದೆ ಎದ್ದರು, ಮತ್ತೆ ಕೂತರು. ಒಂದು ಕೈಯ ಪಟ್ಟಿಯನ್ನು ತಾವೇ ಹೊರಗೆ ತಿರುಗಿಸಿ ಕಾಲು ಎತ್ತಿಹಾಕಿದರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, “ಕಾಫಿ ಇಲ್ಲಿಗೇ ತಾರಮ್ಮಾ,” ಎಂದು ಸೊಸೆಯನ್ನು ಕೂಗಿದರು.